ಮತವಿಲ್ಲದ ಊರಿನ ಚುನಾವಣೆ: ಬೆಂಗಳೂರು, 1969

ಇಲ್ಲಿಗೆ ಬರುವ ಮುಂಚೆ ಲಾಲ್‌ಬಾಗಿನಲ್ಲಿ ಒಂದು ಸುತ್ತು ಹಾಕಿ ಬಂದೆ. ಗಾಜಿನ ಮನೆಯ ಮುಂದೆ ಮದುವೆಯಾಗಲಿರುವ ಜೋಡಿಯೊಂದು ಫೋಟೋ ತೆಗೆಸಿಕೊಳ್ಳುತ್ತಿತ್ತು. ನಿಮಗೆಲ್ಲ ಅದು ಹೂವಿನ ಪ್ರದರ್ಶನದ ಜಾಗ. 1889ರಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲು ಹಾಕಿದ. ಅದಾಗಿ ಎಂಬತ್ತು ವರ್ಷಕ್ಕೆ, 1969ರ ಜುಲೈಯಲ್ಲಿ, ಅದೇ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ನಡೆಯಿತು. ರಾಷ್ಟ್ರಪತಿ ಯಾರಾಗಬೇಕು ಅನ್ನುವ ಜಗಳ ಕೋಣೆಯಿಂದ ಬೀದಿಗೆ ಬಂದದ್ದು ಆ ವಾರ, ನಮ್ಮ ಊರಿನಲ್ಲಿ.

ರಾಷ್ಟ್ರಪತಿ ಚುನಾವಣೆ ಅಂದರೆ ನಮಗೆ ಅಷ್ಟೇನೂ ಆಸಕ್ತಿ ಇರುವುದಿಲ್ಲ, ಅಲ್ವಾ? ನಮಗೆ ಅದರಲ್ಲಿ ಮತ ಇಲ್ಲ. ಮನೆಗೆ ಯಾರೂ ಕೈ ಮುಗಿದುಕೊಂಡು ಬರುವುದಿಲ್ಲ. ಸಂಸದರು, ಶಾಸಕರು ಹಾಕುತ್ತಾರೆ, ಮುಗಿಯಿತು. ನನಗೆ ಕುತೂಹಲ ಇರುವುದೇ ಅಲ್ಲಿ. ಮತವೇ ಇಲ್ಲದ ಊರಿನಲ್ಲಿ ಆ ಚುನಾವಣೆಯ ಸಮಯದಲ್ಲಿ ಏನಾಗುತ್ತದೆ? ಜನ ಏನು ಮಾತಾಡುತ್ತಾರೆ? ಯಾರು ಯಾರ ಮನೆಗೆ ಹೋಗುವುದನ್ನು ನಿಲ್ಲಿಸುತ್ತಾರೆ? 1969ರಲ್ಲಿ ಇಡೀ ಮೈಸೂರು ರಾಜ್ಯದ ವಿಧಾನಸಭೆಯಲ್ಲಿ ಇದ್ದದ್ದು 216 ಸ್ಥಾನ. ಆ ಚುನಾವಣೆ ಮುಗಿದು ಎರಡೂವರೆ ವರ್ಷದೊಳಗೆ ಇಲ್ಲಿನ ರಾಜಕೀಯ ಗುರುತೇ ಸಿಗದಷ್ಟು ಬದಲಾಗಿತ್ತು.

ನಾನು ಆಗ ಹನ್ನೆರಡು ವರ್ಷದ ಹುಡುಗ. ಮನೆ ಮಾವಳ್ಳಿಯಲ್ಲಿ. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಆಗಿನ ಬೆಂಗಳೂರು ಕಾರ್ಖಾನೆಯ ಊರು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಅಂತ ಬೆಳಗ್ಗೆ ಬಸ್ಸುಗಳು ಹೊರಟರೆ ಬೀದಿ ಅರ್ಧ ಖಾಲಿ. ಅಮ್ಮನ ತಮ್ಮ, ನಮ್ಮ ಸೋದರಮಾವ, ನಮ್ಮ ಜೊತೆಗೇ ಇದ್ದರು. ಅವರದು ಚಿತ್ರದುರ್ಗ. ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಒಂದು ಬ್ಯಾಂಕಿನಲ್ಲಿ ಗುಮಾಸ್ತರು. ಈ ಮಾವನನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾರೆ.

ಮೊದಲು ಕಥೆಯ ಎಳೆ ಹೇಳಿಬಿಡುತ್ತೇನೆ. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ ಮೊದಲ ರಾಷ್ಟ್ರಪತಿ ಅವರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಆರು ತಿಂಗಳೊಳಗೆ ಚುನಾವಣೆ ಆಗಬೇಕು. ಪ್ರಧಾನಿ ಇಂದಿರಾ ಗಾಂಧಿ. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಇಬ್ಬರಿಗೂ ಆಗಿಬರುತ್ತಿರಲಿಲ್ಲ. ಕಾಮರಾಜ್, ಎಸ್.ಕೆ. ಪಾಟೀಲ್, ಅತುಲ್ಯ ಘೋಷ್, ನೀಲಂ ಸಂಜೀವ ರೆಡ್ಡಿ, ನಿಜಲಿಂಗಪ್ಪ, ಈ ಹಿರಿಯರ ಗುಂಪಿಗೆ ಪತ್ರಿಕೆಗಳು ‘ಸಿಂಡಿಕೇಟ್’ ಅಂತ ಹೆಸರಿಟ್ಟಿದ್ದವು. ಇಂದಿರಾ ಅವರನ್ನು ಪ್ರಧಾನಿ ಕುರ್ಚಿಯಲ್ಲಿ ಕೂರಿಸುವುದರಲ್ಲಿ ಇವರ ಪಾತ್ರ ದೊಡ್ಡದು. ಈಗ ಆಕೆ ಇವರ ಮಾತು ಕೇಳುತ್ತಿರಲಿಲ್ಲ. ರಾಷ್ಟ್ರಪತಿ ಭವನದಲ್ಲಿ ತಮ್ಮವರೊಬ್ಬರು ಇದ್ದರೆ ಒಂದು ಹಿಡಿತ ಸಿಗುತ್ತದೆ ಎಂಬುದು ಇವರ ಲೆಕ್ಕ.

ಇನ್ನು ನಮ್ಮ ರಾಜ್ಯದ ಹವೆ ಹೇಗಿತ್ತು? ಅಧಿವೇಶನಕ್ಕೆ ಬೆಂಗಳೂರನ್ನು ಆರಿಸಿದಾಗ ಅದು ನಿಜಲಿಂಗಪ್ಪನವರ ಸ್ವಂತ ಮನೆ ಇದ್ದ ಹಾಗೆ. 1962ರಿಂದ 68ರವರೆಗೆ ಅವರೇ ಮುಖ್ಯಮಂತ್ರಿ. ದೆಹಲಿಗೆ ಹೋಗುವಾಗ ಕುರ್ಚಿಯನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟಿದ್ದರು. ಪಾಟೀಲರ ಜೊತೆಗೆ ರಾಮಕೃಷ್ಣ ಹೆಗಡೆ. ಇವರಿಬ್ಬರನ್ನೂ ಜನ ನಿಜಲಿಂಗಪ್ಪನವರ ಲವ-ಕುಶ ಎನ್ನುತ್ತಿದ್ದರು. ಹೊರಗಿನಿಂದ ನೋಡಿದರೆ ಎಲ್ಲ ಗಟ್ಟಿ. 1967ರಲ್ಲಿ ಉತ್ತರದ ರಾಜ್ಯಗಳಲ್ಲಿ ಕಾಂಗ್ರೆಸ್ ಒಂದರ ಹಿಂದೆ ಒಂದು ಉರುಳಿದಾಗಲೂ ಇಲ್ಲಿ 126 ಸ್ಥಾನ ಗೆದ್ದಿತ್ತು.

ಆದರೆ ಮನೆ ಗಟ್ಟಿಯಾಗಿದೆ ಅಂದರೆ ಒಳಗಿರುವವರೆಲ್ಲ ಸುಖವಾಗಿದ್ದಾರೆ ಅಂತ ಅಲ್ಲವಲ್ಲ. ದೇವರಾಜ ಅರಸು ಹಿಂದೆ ಮಂತ್ರಿಯಾಗಿದ್ದವರು, ಈಗ ಮೂಲೆಯಲ್ಲಿದ್ದರು. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರಿಗೆ ನಿಜಲಿಂಗಪ್ಪನವರ ಜೊತೆ ಹಳೆಯ ಲೆಕ್ಕ ಇತ್ತು. ಜಿಲ್ಲೆ ಜಿಲ್ಲೆಯಲ್ಲೂ ಟಿಕೆಟ್ ಸಿಗದವರು, ಜಾತಿ ಲೆಕ್ಕದಲ್ಲಿ ಹಿಂದೆ ಬಿದ್ದವರು, ಲಿಂಗಾಯತ-ಒಕ್ಕಲಿಗ ಹಂಚಿಕೆಯಲ್ಲಿ ಎಲ್ಲೂ ಸೇರದ ಸಣ್ಣ ಸಮುದಾಯದವರು ಇದ್ದರು. ಅವರಿಗೆ ಅಸಮಾಧಾನ ಇತ್ತು, ಅದನ್ನು ಹೇಳಿಕೊಳ್ಳಲು ಮರ್ಯಾದಸ್ಥ ಮಾತು ಇರಲಿಲ್ಲ. ‘ನನಗೆ ಕುರ್ಚಿ ಸಿಗಲಿಲ್ಲ’ ಅಂತ ವೇದಿಕೆ ಹತ್ತಿ ಹೇಳಲಾಗುತ್ತದೆಯೇ? ನನ್ನ ಇಡೀ ಮಾತು ಇಷ್ಟೇ: ರಾಷ್ಟ್ರಪತಿ ಚುನಾವಣೆ ಈ ಜನಕ್ಕೆ ಹೊಸ ಸಿಟ್ಟನ್ನೇನೂ ಕೊಡಲಿಲ್ಲ. ಅವರ ಹಳೆಯ ಸಿಟ್ಟಿಗೆ ಒಂದು ಒಳ್ಳೆಯ ಹೆಸರು ಕೊಟ್ಟಿತು. ಆ ಹೆಸರು ಯಾವುದು ಅಂತ ಮುಂದೆ ಹೇಳುತ್ತೇನೆ.

ಜುಲೈ ಎರಡನೇ ವಾರ ಎಲ್ಲರೂ ಬೆಂಗಳೂರಿಗೆ ಬಂದಿಳಿದರು. ಇಂದಿರಾ ಮೊದಲ ದಿನ ಬರಲೇ ಇಲ್ಲ. ಮೈಗೆ ಹುಷಾರಿಲ್ಲ ಅಂತ ಹೇಳಿ ಕಳಿಸಿ, ಫಕ್ರುದ್ದೀನ್ ಅಲಿ ಅಹ್ಮದ್ ಅವರ ಕೈಯಲ್ಲಿ ಒಂದು ಟಿಪ್ಪಣಿ ಕೊಟ್ಟು ಕಳಿಸಿದರು. ಆರ್ಥಿಕ ನೀತಿ ಬಗ್ಗೆ ಸುಮ್ನೆ ತೋಚಿದ ಕೆಲವು ಯೋಚನೆಗಳು ಅನ್ನುವ ಧಾಟಿ ಅದರದು. ಒಳಗೆ ನೋಡಿದರೆ ಬ್ಯಾಂಕ್ ರಾಷ್ಟ್ರೀಕರಣದ ಮಾತಿತ್ತು. ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ ಅದಕ್ಕೆ ಪೂರ್ತಿ ವಿರುದ್ಧ. ಕೂತಿದ್ದವರಿಗೆ ಅದು ಸುಮ್ನೆ ತೋಚಿದ್ದಲ್ಲ ಅಂತ ತಿಳಿಯಲು ಹೊತ್ತು ಬೇಕಾಗಲಿಲ್ಲ. ಆದರೂ ಬಡವರ ಪರ ಇರುವ ಕಾಗದಕ್ಕೆ ಬೇಡ ಅನ್ನುವುದು ಹೇಗೆ? ಒಪ್ಪಿದರು.

ಜುಲೈ 12ರಂದು ಪಕ್ಷದ ಸಂಸದೀಯ ಮಂಡಳಿ ಸೇರಿತು. ಹಿರಿಯರು ಸಂಜೀವ ರೆಡ್ಡಿ ಹೆಸರು ಇಟ್ಟರು. ಇಂದಿರಾ ಜಗಜೀವನ್ ರಾಮ್ ಹೆಸರು ಇಟ್ಟರು. ಮತಕ್ಕೆ ಹಾಕಿದರು. ಕಾಮರಾಜ್, ಮೊರಾರ್ಜಿ, ಎಸ್.ಕೆ. ಪಾಟೀಲ್, ವೈ.ಬಿ. ಚವಾಣ್ ರೆಡ್ಡಿ ಕಡೆ. ಇಂದಿರಾ ಮತ್ತು ಫಕ್ರುದ್ದೀನ್ ಆ ಕಡೆ. ನಾಲ್ಕು, ಎರಡು. ಚವಾಣ್ ತಮ್ಮ ಕಡೆ ಇರುತ್ತಾರೆ ಅಂತ ಇಂದಿರಾ ನಂಬಿದ್ದರು. ಮರುದಿನವೇ ವಿ.ವಿ. ಗಿರಿ ತಾವು ಪಕ್ಷೇತರರಾಗಿ ನಿಲ್ಲುತ್ತೇವೆ ಅಂದರು.

ಇಲ್ಲಿ ಒಂದು ತಮಾಷೆ ನೋಡಿ. ಗಿರಿ ಬೆಂಗಳೂರಿಗೆ ಹೊಸಬರಲ್ಲ. 1965ರಿಂದ 67ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರು ಅವರೇ. ಆಗ ಮುಖ್ಯಮಂತ್ರಿ ನಿಜಲಿಂಗಪ್ಪ. ರಾಜಭವನದಿಂದ ವಿಧಾನಸೌಧಕ್ಕೆ ನಡೆದೇ ಹೋಗಬಹುದು. ಎರಡು ವರ್ಷ ಜೊತೆಗೆ ಕೆಲಸ ಮಾಡಿದ ಇಬ್ಬರು ಈಗ ಎದುರು ಬದುರು. ರೆಡ್ಡಿಯವರೂ ದೂರದವರಲ್ಲ, ಅನಂತಪುರ ಜಿಲ್ಲೆಯವರು. ನಮ್ಮ ಗಡಿ ದಾಟಿದರೆ ಅವರ ಊರು. ಗಿರಿ, ರೆಡ್ಡಿ ಇಬ್ಬರದೂ ತೆಲುಗು ಮನೆಮಾತು. ಇಬ್ಬರು ತೆಲುಗರ ಪಂದ್ಯಕ್ಕೆ ಕಣ ಸಿದ್ಧ ಮಾಡಿಕೊಟ್ಟದ್ದು ಕನ್ನಡದ ನೆಲ!

ಅಧಿವೇಶನದ ಆ ದಿನಗಳಲ್ಲಿ ನಮ್ಮ ಬೀದಿ ಹೇಗಿತ್ತು ಅಂತ ಕೇಳಿದರೆ ನನಗೆ ನೆನಪಿರುವುದು ಬಿಳಿ ಟೋಪಿಗಳು ಮತ್ತು ಕಾರುಗಳು. ಹುಡುಗರು ನಾವು ಕಾರಿನ ನಂಬರ್ ಎಣಿಸುತ್ತಿದ್ದೆವು. ಟಿವಿ ಇರಲಿಲ್ಲ. ರೇಡಿಯೋ, ಪತ್ರಿಕೆ, ಮತ್ತು ಹೋಟೆಲಿನ ಮೇಜು. ಹೋಟೆಲಿನಲ್ಲಿ ಎರಡು ಕಾಫಿ ಹೇಳಿ ನಾಲ್ಕು ಜನ ಕುಡಿಯುವ ಹೊತ್ತಿಗೆ ಮಂಡಳಿಯಲ್ಲಿ ಯಾರು ಯಾರಿಗೆ ಏನಂದರು ಅನ್ನುವುದು ಮೂರು ಥರ ಗೊತ್ತಾಗಿರುತ್ತಿತ್ತು.

ಮನೆಯಲ್ಲಿ ಜಗಳ ರಾತ್ರಿ ಊಟದ ಹೊತ್ತಿಗೆ. ಅಪ್ಪ ಯೂನಿಯನ್ ಮನುಷ್ಯ, ಗಿರಿ ಕಡೆ. ಗಿರಿ ರೈಲ್ವೆ ಕಾರ್ಮಿಕರನ್ನು ಸಂಘಟಿಸಿ ಬೆಳೆದವರು, ನೆಹರೂ ಸಂಪುಟದಲ್ಲಿ ಕಾರ್ಮಿಕ ಮಂತ್ರಿ ಆಗಿದ್ದವರು. ಮಾವನಿಗೆ ನಿಜಲಿಂಗಪ್ಪ ಅಂದರೆ ‘ನಮ್ಮ ದುರ್ಗದವರು’. ಅದರ ಮೇಲೆ ಮಾತಿಲ್ಲ.

‘ಭಾವ, ಓಟು ಹಾಕೋರು ನೀವೂ ಅಲ್ಲ, ನಾನೂ ಅಲ್ಲ. ಸುಮ್ನೆ ಯಾಕೆ ಗಂಟಲು ಹರ್ಕೋತೀರಿ?’ ಅನ್ನುತ್ತಿದ್ದರು ಮಾವ.

‘ಹಾಕೋರು ನಾವಲ್ಲ ಕಣಯ್ಯ, ಹಾಕೋರನ್ನ ಕಳಿಸಿದೋರು ನಾವು’ ಅನ್ನುತ್ತಿದ್ದರು ಅಪ್ಪ.

‘ಮುದ್ದೆ ಆರ್ತಾ ಇದೆ’ ಅಂತ ಅಮ್ಮ. ಚರ್ಚೆ ಅಲ್ಲಿಗೆ ನಿಲ್ಲುತ್ತಿತ್ತು, ಮರುದಿನದವರೆಗೆ.

ಮುಂದಿನ ಒಂದು ವಾರ ಎಷ್ಟು ವೇಗವಾಗಿ ಹೋಯಿತು ಅಂದರೆ ಈಗ ದಿನಾಂಕ ಜೋಡಿಸಿ ನೋಡಿದರೂ ನಂಬಿಕೆ ಬರುವುದಿಲ್ಲ. ಜುಲೈ 16ಕ್ಕೆ ಇಂದಿರಾ ಮೊರಾರ್ಜಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡರು. ಅವರು ರಾಜೀನಾಮೆ ಕೊಟ್ಟರು. 19ಕ್ಕೆ ಸುಗ್ರೀವಾಜ್ಞೆ ಹೊರಡಿಸಿ 14 ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದರು. 50 ಕೋಟಿ ರೂಪಾಯಿಗಿಂತ ಜಾಸ್ತಿ ಠೇವಣಿ ಇದ್ದ ಬ್ಯಾಂಕುಗಳು ಅವು. ಸಹಿ ಹಾಕಿದ್ದು ಹಂಗಾಮಿ ರಾಷ್ಟ್ರಪತಿ ಗಿರಿ. ಮರುದಿನ 20ಕ್ಕೆ ಅವರು ಚುನಾವಣೆಗೆ ನಿಲ್ಲಲು ರಾಜೀನಾಮೆ ಕೊಟ್ಟರು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಒಂದು ತಿಂಗಳ ಮಟ್ಟಿಗೆ ಹಂಗಾಮಿ ರಾಷ್ಟ್ರಪತಿ ಆದರು. ಅದೇ ರಾತ್ರಿ ಮನುಷ್ಯ ಚಂದ್ರನ ಮೇಲೆ ಇಳಿದ. ಆ ವಾರ ಪತ್ರಿಕೆಯವರು ಯಾವ ಸುದ್ದಿಯನ್ನು ಮೇಲೆ ಹಾಕಿದರು, ಯಾವುದನ್ನು ಕೆಳಗೆ ಹಾಕಿದರು ಅಂತ ಯೋಚಿಸಿದರೆ ಪಾಪ ಅನ್ನಿಸುತ್ತದೆ.

ಆ 14ರಲ್ಲಿ ಎರಡು ಬ್ಯಾಂಕುಗಳು ನಮ್ಮ ದಕ್ಷಿಣ ಕನ್ನಡದವು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಶುರು ಮಾಡಿದ ಕೆನರಾ ಬ್ಯಾಂಕ್ ಒಂದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದು ಇನ್ನೊಂದು. ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುವ ಪಿಗ್ಮಿ ಠೇವಣಿ ನಿಮ್ಮ ಅಜ್ಜ-ಅಜ್ಜಿಗೆ ನೆನಪಿದ್ದೀತು, ಅದು ಈ ಬ್ಯಾಂಕಿನದೇ. ಈ ಎರಡನೆಯದರ ಹೆಸರು ಏನು ಹೇಳಿ? ಸಿಂಡಿಕೇಟ್ ಬ್ಯಾಂಕ್! ಅಂದರೆ ಬೆಂಗಳೂರಿನಲ್ಲಿ ಒಂದು ಸಿಂಡಿಕೇಟ್ ಇಂದಿರಾ ಅವರನ್ನು ಸೋಲಿಸಿತು. ವಾರ ಕಳೆಯುವುದರೊಳಗೆ ಆಕೆ ಇನ್ನೊಂದು ಸಿಂಡಿಕೇಟನ್ನು ಸರ್ಕಾರದ ಜೇಬಿಗೆ ಹಾಕಿಕೊಂಡರು. 2020ರಲ್ಲಿ ಅದೂ ಕೆನರಾದೊಳಗೆ ಸೇರಿಹೋಯಿತು ಬಿಡಿ.

ಇಲ್ಲಿ ಮಾವನ ಕಷ್ಟ ಶುರುವಾಯಿತು. 1954ರಲ್ಲಿ ಬ್ಯಾಂಕ್ ನೌಕರರ ಸಂಬಳದ ವಿಷಯದಲ್ಲಿ ನ್ಯಾಯಮಂಡಳಿ ಒಂದು ತೀರ್ಪು ಕೊಟ್ಟಿತ್ತು. ಸರ್ಕಾರ ಅದನ್ನು ತಿದ್ದಲು ಹೊರಟಿತು. ಕಾರ್ಮಿಕ ಮಂತ್ರಿಯಾಗಿದ್ದ ಗಿರಿ, ಇದು ಸರಿಯಲ್ಲ ಅಂತ ಮಂತ್ರಿಗಿರಿಯನ್ನೇ ಬಿಟ್ಟರು. ಬ್ಯಾಂಕ್ ಗುಮಾಸ್ತರು ಅದನ್ನು ಮರೆತಿರಲಿಲ್ಲ. ಈಗ ರಾಷ್ಟ್ರೀಕರಣದ ಕಾಗದಕ್ಕೂ ಅದೇ ಮನುಷ್ಯನ ಸಹಿ. ಮಾವ ಬೆಳಗ್ಗೆ ಬ್ಯಾಂಕಿನಲ್ಲಿ ಸಹೋದ್ಯೋಗಿಗಳ ಜೊತೆ ಗಿರಿಗೆ ಜೈ. ಸಂಜೆ ಮನೆಗೆ ಬಂದರೆ ದುರ್ಗದವರ ಅಭಿಮಾನ. ಅಪ್ಪ ಮಾತು ತೆಗೆದರೆ ಮೊದಲಿನ ಹಾಗೆ ವಾದಕ್ಕೆ ಕೂರುತ್ತಿರಲಿಲ್ಲ. ಉಪ್ಪಿನಕಾಯಿ ಹಾಕು ಅಕ್ಕ ಅಂತ ಮಾತು ಮರೆಸುತ್ತಿದ್ದರು.

ಒಬ್ಬ ಮಾವ ಅಂತ ನಗಬೇಡಿ. ರಾಜ್ಯದ ತುಂಬ ಇಂಥ ಮಾವಂದಿರು ಇದ್ದರು. ಊರಿನ ನಂಟು ಒಂದು ಕಡೆ ಎಳೆಯುತ್ತಿತ್ತು, ಹೊಟ್ಟೆಪಾಡು ಇನ್ನೊಂದು ಕಡೆ. ಅಲ್ಲಿಯವರೆಗೆ ಇವೆರಡೂ ಕಾಂಗ್ರೆಸ್ ಅನ್ನುವ ಒಂದೇ ಚೀಲದಲ್ಲಿ ಇದ್ದವು. ಆ ಮಳೆಗಾಲಕ್ಕೆ ಮುಂಚೆ ಯಾವುದು ಬೇಕು ಅಂತ ಯಾರೂ ಇವರನ್ನು ಕೇಳಿರಲಿಲ್ಲ.

ಈಗ ಆ ‘ಒಳ್ಳೆಯ ಹೆಸರಿ’ಗೆ ಬರೋಣ. ಸಂಜೀವ ರೆಡ್ಡಿಯವರ ನಾಮಪತ್ರಕ್ಕೆ ಇಂದಿರಾ ತಾವೇ ಸಹಿ ಹಾಕಿದ್ದರು. ಜನಸಂಘ ಮತ್ತು ಸ್ವತಂತ್ರ ಪಕ್ಷದ ಅಭ್ಯರ್ಥಿ ಸಿ.ಡಿ. ದೇಶಮುಖ್, ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು. ಅವರು ಗೆಲ್ಲುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಈ ಚುನಾವಣೆಯಲ್ಲಿ ಮತ ಹಾಕುವವರು ಅಭ್ಯರ್ಥಿಗಳಿಗೆ ಒಂದು, ಎರಡು ಅಂತ ಪ್ರಾಶಸ್ತ್ಯದ ಕ್ರಮ ಬರೆಯುತ್ತಾರೆ; ಮೊದಲನೆಯವರು ಕಣದಿಂದ ಹೊರಬಿದ್ದರೆ ಮತ ಎರಡನೆಯವರಿಗೆ ಹೋಗುತ್ತದೆ. ಹಾಗಾಗಿ ನಿಜಲಿಂಗಪ್ಪ ಆ ಪಕ್ಷಗಳ ನಾಯಕರನ್ನು ಕಂಡು, ನಿಮ್ಮ ಎರಡನೇ ಪ್ರಾಶಸ್ತ್ಯದ ಮತ ರೆಡ್ಡಿಗೆ ಕೊಡಿ ಅಂತ ಕೇಳಿದರು. ಚುನಾವಣೆಯ ಲೆಕ್ಕದಲ್ಲಿ ಅದು ಸಹಜ. ಆದರೆ ಇಂದಿರಾ ಕಡೆಯವರು ಕಾಯುತ್ತಿದ್ದದ್ದೇ ಅದಕ್ಕೆ. ಪಕ್ಷದ ಅಧ್ಯಕ್ಷರೇ ಬಲಪಂಥೀಯರ ಜೊತೆ ಒಪ್ಪಂದ ಮಾಡಿಕೊಂಡಿದ್ದಾರೆ ಅಂದರು. ಜಗಜೀವನ್ ರಾಮ್ ಮತ್ತು ಫಕ್ರುದ್ದೀನ್ ವಿವರಣೆ ಕೇಳಿ ನಿಜಲಿಂಗಪ್ಪನವರಿಗೆ ಪತ್ರ ಬರೆದರು. ರೆಡ್ಡಿಗೇ ಮತ ಹಾಕಬೇಕು ಅಂತ ವಿಪ್, ಅಂದರೆ ಪಕ್ಷದ ಆಜ್ಞೆ, ಹೊರಡಿಸಿ ಅಂದದ್ದಕ್ಕೆ ಇಂದಿರಾ ಒಪ್ಪಲಿಲ್ಲ. ಪ್ರತಿಯೊಬ್ಬರೂ ತಮ್ಮ ಆತ್ಮಸಾಕ್ಷಿಯಂತೆ ಮತ ಹಾಕಲಿ ಅನ್ನುವ ಮಾತು ಬಂತು.

ಆತ್ಮಸಾಕ್ಷಿ. ಅದೇ ಆ ಹೆಸರು. ಎಂಥ ಚೆಂದದ ಪದ ನೋಡಿ! ಇದಕ್ಕೆ ಎದುರಾಡಲು ಯಾರಿಗೆ ಬಾಯಿ ಬರುತ್ತದೆ? ನಿಜಲಿಂಗಪ್ಪನವರ ಮೇಲೆ ಹತ್ತು ವರ್ಷದ ಕೋಪ ಇದ್ದವನಿಗೂ ಆತ್ಮಸಾಕ್ಷಿ, ಬ್ಯಾಂಕ್ ರಾಷ್ಟ್ರೀಕರಣ ನಿಜವಾಗಿ ಬೇಕು ಅನ್ನಿಸಿದವನಿಗೂ ಆತ್ಮಸಾಕ್ಷಿ, ಯಾರು ಗೆಲ್ಲುತ್ತಾರೆ ಅಂತ ಗಾಳಿ ನೋಡುತ್ತಿದ್ದವನಿಗೂ ಆತ್ಮಸಾಕ್ಷಿ. ಯಾವುದು ಯಾವುದು ಅಂತ ಬೇರೆ ಮಾಡಲು ಆಗುವುದಿಲ್ಲ, ಯಾಕೆಂದರೆ ಮತ ಗುಟ್ಟಿನದು. ನಾನು ಇಂದಿರಾ ಅಭಿಮಾನಿಯೂ ಅಲ್ಲ, ಸಿಂಡಿಕೇಟ್ ಅಭಿಮಾನಿಯೂ ಅಲ್ಲ. ಆದರೆ ಒಬ್ಬರ ನಾಮಪತ್ರಕ್ಕೆ ಸಹಿ ಹಾಕಿ, ಆಮೇಲೆ ಆತ್ಮಸಾಕ್ಷಿ ಅನ್ನುವುದನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಆದರ್ಶ ಅಂತ ಪಾಠ ಮಾಡಿಲ್ಲ. ಜಾಣತನ ಅಂತ ಮಾಡಿದ್ದೇನೆ.

ಮತದ ಲೆಕ್ಕ ಸ್ವಲ್ಪ ಹೇಳಬೇಕು. ಬೇಜಾರು ಮಾಡಿಕೊಳ್ಳಬೇಡಿ, ಇಲ್ಲಿ ರುಚಿ ಇದೆ. ಶಾಸಕರ ಮತಕ್ಕೆ ಒಂದೊಂದು ರಾಜ್ಯದಲ್ಲಿ ಒಂದೊಂದು ಬೆಲೆ. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಮತ್ತೆ ಸಾವಿರದಿಂದ ಭಾಗಿಸಬೇಕು. 1961ರ ಜನಗಣತಿಯಲ್ಲಿ ಮೈಸೂರು ರಾಜ್ಯದಲ್ಲಿ ಸುಮಾರು 2 ಕೋಟಿ 36 ಲಕ್ಷ ಜನ. 216 ಶಾಸಕರು. ಒಬ್ಬೊಬ್ಬರ ಮತಕ್ಕೆ ಬೆಲೆ 109. ಉತ್ತರ ಪ್ರದೇಶದವರಿಗೆ 174. ಈಗ ನಮ್ಮವರ ಬೆಲೆ 131, ಅದೂ 1971ರ ಜನಸಂಖ್ಯೆಯ ಮೇಲೆ. ಅವತ್ತಿನಿಂದ ಎಷ್ಟು ಜನ ಹುಟ್ಟಿದರೂ ಈ ಲೆಕ್ಕಕ್ಕೆ ಬಂದಿಲ್ಲ.

ಆಗಸ್ಟ್ 16ಕ್ಕೆ ಮತದಾನ. ಧ್ವಜ ಹಾರಿಸಿದ ಮರುದಿನ. ದೆಹಲಿಯಲ್ಲಿ ಸಂಸದರು, ಇಲ್ಲಿ ಶಾಸಕರು. 20ಕ್ಕೆ ಎಣಿಕೆ. ಕಣದಲ್ಲಿ 15 ಜನ ಇದ್ದರು. ಗೆಲ್ಲಲು ಬೇಕಾದದ್ದು 4,18,169. ಮೊದಲ ಎಣಿಕೆಯಲ್ಲಿ ಗಿರಿಗೆ 4,01,515. ರೆಡ್ಡಿಗೆ 3,13,548. ದೇಶಮುಖ್‌ಗೆ 1,12,769. ಯಾರಿಗೂ ಸಾಲಲಿಲ್ಲ. ಕೆಳಗಿನಿಂದ ಒಬ್ಬೊಬ್ಬರನ್ನೇ ತೆಗೆಯುತ್ತಾ ಅವರ ಎರಡನೇ ಪ್ರಾಶಸ್ತ್ಯದ ಮತ ಹಂಚುತ್ತಾ ಬಂದರು. ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲಿ ಗೆದ್ದವರು ಯಾರು ಅಂತ ಎರಡನೇ ಪ್ರಾಶಸ್ತ್ಯದಿಂದ ತೀರ್ಮಾನವಾದದ್ದು ಅದೊಂದೇ ಸಲ. ದೇಶಮುಖ್ ಕಡೆಯ ಮತಗಳಲ್ಲಿ ಬಹುಪಾಲು ನಿಜಲಿಂಗಪ್ಪ ಕೇಳಿದ ಹಾಗೇ ರೆಡ್ಡಿಗೆ ಬಂದವು. ಸಾಲಲಿಲ್ಲ. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಅಂತರ 14,650.

ಈ 14,650 ಅಂದರೆ ಎಷ್ಟು? ನಾನು ಒಂದು ಸಲ ಕೂತು ಲೆಕ್ಕ ಹಾಕಿದೆ. 109ರ ಬೆಲೆಯ ಶಾಸಕರು 68 ಜನ ಈ ಕಡೆಯಿಂದ ಆ ಕಡೆಗೆ ವಾಲಿದ್ದರೆ ಕೊನೆಯ ಲೆಕ್ಕದಲ್ಲಿ ರೆಡ್ಡಿ ಮುಂದಿರುತ್ತಿದ್ದರು. ಅರವತ್ತೆಂಟು ಜನ! ಒಂದು ಬಸ್ಸಿಗೆ ಸ್ವಲ್ಪ ಜಾಸ್ತಿ.

ಜಗಳ ಅಲ್ಲಿಗೆ ಮುಗಿಯಲಿಲ್ಲ. ಸಂಜೀವ ರೆಡ್ಡಿಯವರ ಮೇಲೆ ಕೆಟ್ಟದಾಗಿ ಬರೆದ ಒಂದು ಹೆಸರಿಲ್ಲದ ಕರಪತ್ರ ಚುನಾವಣೆ ಸಮಯದಲ್ಲಿ ಸಂಸದರ ಕೈಗೆ ಸಿಕ್ಕಿತ್ತು. ಅದನ್ನೂ ಸೇರಿಸಿ ಸುಪ್ರೀಂ ಕೋರ್ಟಿನಲ್ಲಿ ತಕರಾರು ಹಾಕಿದರು. ರಾಷ್ಟ್ರಪತಿಯಾಗಿದ್ದ ಗಿರಿ ತಾವೇ ಸಾಕ್ಷಿ ಹೇಳಿದರು. 1970ರಲ್ಲಿ ಅರ್ಜಿ ವಜಾ ಆಯಿತು. ಕರಪತ್ರದ ಈ ಪ್ರಸಂಗ ಯಾಕೆ ಹೇಳಿದೆ ಅಂದರೆ, ಹೆಸರಿಲ್ಲದ ಮೆಸೇಜು ಓಡಾಡುವುದು ಮೊಬೈಲ್ ಬಂದ ಮೇಲೆ ಶುರುವಾಯಿತು ಅಂತ ತುಂಬ ಜನ ತಿಳಿದಿದ್ದಾರೆ.

ನವೆಂಬರ್ 12ಕ್ಕೆ ನಿಜಲಿಂಗಪ್ಪನವರ ಕಾರ್ಯಕಾರಿ ಸಮಿತಿ ಇಂದಿರಾ ಅವರನ್ನು ಪಕ್ಷದಿಂದ ಹೊರಹಾಕಿತು. ಪಕ್ಷ ಎರಡಾಯಿತು. ಇಲ್ಲಿ ವೀರೇಂದ್ರ ಪಾಟೀಲರ ಸರ್ಕಾರ ಗುರುವಿನ ಜೊತೆ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿಯಿತು. ಮೂಲೆಯಲ್ಲಿದ್ದ ಅರಸು ಇಂದಿರಾ ಕಾಂಗ್ರೆಸ್ಸಿನ ಮುಂದಾಳು ಆದರು. ಸುಮಾರು ಒಂದೂಕಾಲು ವರ್ಷ ವಿಧಾನಸೌಧದಲ್ಲಿ ಒಂದು ಕಾಂಗ್ರೆಸ್, ದೆಹಲಿಯಲ್ಲಿ ಇನ್ನೊಂದು. ತಾಲೂಕಿನ ಪುಢಾರಿಗಳ ಪಾಡು ಏನಾಗಿರಬೇಕು ಯೋಚಿಸಿ. ಗೋಡೆಯ ಮೇಲೆ ಗಾಂಧಿ, ನೆಹರೂ ಪಟದ ಪಕ್ಕ ಯಾರ ಪಟ ಹಾಕಬೇಕು?

1971ರ ಮಾರ್ಚ್ ಲೋಕಸಭಾ ಚುನಾವಣೆ ಬಂತು. ಈ ಸಲ ಜನಕ್ಕೆ ಮತ ಇತ್ತು. ‘ಗರೀಬಿ ಹಟಾವೋ’. ಮೈಸೂರು ರಾಜ್ಯದ 27 ಸ್ಥಾನಗಳಲ್ಲಿ ಇಂದಿರಾ ಕಾಂಗ್ರೆಸ್ 27 ಗೆದ್ದಿತು. ಬೆಂಗಳೂರಿನಿಂದ ಗೆದ್ದ ಕೆಂಗಲ್ ಹನುಮಂತಯ್ಯ ರೈಲ್ವೆ ಮಂತ್ರಿಯಾದರು. ಶಾಸಕರು ಗುಂಪು ಗುಂಪಾಗಿ ದಾಟಿದರು. ಈಗ ಅವರಿಗೆ ಆತ್ಮಸಾಕ್ಷಿ ಅನ್ನುವ ಪದವೂ ಬೇಕಾಗಲಿಲ್ಲ. ವೀರೇಂದ್ರ ಪಾಟೀಲರ ಸರ್ಕಾರ ಬಿತ್ತು. 1972ರಲ್ಲಿ ಅರಸು ಮುಖ್ಯಮಂತ್ರಿಯಾದರು. ಆಮೇಲಿನ ಭೂಸುಧಾರಣೆ, ಹಾವನೂರು ಆಯೋಗ, ಅದು ಇನ್ನೊಂದು ಸಂಜೆಯ ಮಾತು.

ಒಂದು ಸಣ್ಣ ಅಡ್ಡದಾರಿ ಹಿಡಿಯುತ್ತೇನೆ. ಟಿಪ್ಪಣಿ ಹೊತ್ತು ಬೆಂಗಳೂರಿಗೆ ಬಂದಿದ್ದ ಫಕ್ರುದ್ದೀನ್ 1974ರಲ್ಲಿ ರಾಷ್ಟ್ರಪತಿಯಾದರು. 1977ರಲ್ಲಿ ಅವರೂ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಆಗ ಐದು ತಿಂಗಳು ಹಂಗಾಮಿ ರಾಷ್ಟ್ರಪತಿಯಾದದ್ದು ನಮ್ಮ ಬಿ.ಡಿ. ಜತ್ತಿ. ಕನ್ನಡಿಗರೊಬ್ಬರು ಆ ಕುರ್ಚಿಯ ಹತ್ತಿರ ಹೋದದ್ದು ಅಷ್ಟೇ. ಅವರ ನಂತರ ಬಂದವರು ಯಾರು? ಅದೇ ಸಂಜೀವ ರೆಡ್ಡಿ. ಈ ಸಲ ಅವಿರೋಧ, ಒಬ್ಬರೂ ಎದುರಿಗೆ ಇಲ್ಲ. ಅವರು ಕೊನೆಯುಸಿರೆಳೆದದ್ದೂ ಬೆಂಗಳೂರಿನಲ್ಲೇ, 1996ರಲ್ಲಿ.

ಮಾವನ ಕಥೆ ಬಾಕಿ ಇದೆ. 1971ರ ಮಾರ್ಚಿನಲ್ಲಿ ಸರ್ಕಾರ ಬಿದ್ದ ಮೇಲೆ ಮೈಸೂರು ರಾಜ್ಯಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. ಅದು ಗಿರಿಯವರ ಹೆಸರಿನಲ್ಲಿ ಬಂದ ಆಳ್ವಿಕೆ. ಅಪ್ಪ ಪತ್ರಿಕೆ ಓದಿ ಮಾವನ ಕಡೆಗೆ ಚಾಚಿದರು. ಗೆದ್ದ ಹುರುಪು ಮುಖದಲ್ಲಿ ಇತ್ತು. ಮಾವ ಪೂರ್ತಿ ಓದಿದರು. ಆಮೇಲೆ ನಿಧಾನವಾಗಿ ಮಡಚಿ, ‘ಈ ಪುಣ್ಯಾತ್ಮ ಇಲ್ಲಿ ರಾಜಭವನದಲ್ಲಿ ಇದ್ದಾಗ ನಮ್ಮೋರೇ ಮುಖ್ಯಮಂತ್ರಿ ಅಲ್ವಾ ಭಾವ’ ಅಂದರು. ಅಪ್ಪ ಏನೋ ಹೇಳಲು ಬಾಯಿ ತೆರೆದರು. ಅಮ್ಮ ಒಳಗಿನಿಂದ ತಟ್ಟೆ ಇಟ್ಟ ಸದ್ದು ಮಾಡಿದಳು.